ಬ್ಯಾಂಕ್ ಇ-ಹರಾಜಿನಲ್ಲಿ ಮನೆ ಕೊಳ್ಳುವುದು: ಬಿಡ್ ಹಾಕುವ ಮುನ್ನ, ಹಾಕಿದ ಮೇಲೆ

ಸಾಲ ತೀರದ ಮನೆ, ಸೈಟು, ಅಂಗಡಿಗಳನ್ನು ಬ್ಯಾಂಕುಗಳು ಈಗ ಬಹುತೇಕ ಆನ್‌ಲೈನ್ ಹರಾಜಿನಲ್ಲೇ ಮಾರುತ್ತವೆ. ಸರ್ಕಾರಿ ಬ್ಯಾಂಕುಗಳ ಆಸ್ತಿಗಳು 2025ರ ಜನವರಿಯಲ್ಲಿ ಹೊಸ ರೂಪ ಪಡೆದ ಬ್ಯಾಂಕ್‌ನೆಟ್ ಜಾಲತಾಣದಲ್ಲಿ ಸಿಗುತ್ತವೆ. ಖಾಸಗಿ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿಗಳು ತಮ್ಮತಮ್ಮ ಹರಾಜು ತಾಣಗಳನ್ನು ಬಳಸುತ್ತವೆ. ಇದರ ಅನುಕೂಲ ದೊಡ್ಡದೇ. ಹುಬ್ಬಳ್ಳಿಯಲ್ಲಿ ಕೂತು ಮೈಸೂರಿನ ಫ್ಲಾಟಿಗೆ ಕೂಗಬಹುದು, ಬ್ರಾಂಚಿನ ಬಾಗಿಲಲ್ಲಿ ಗುಂಪು ಕಟ್ಟಿಕೊಂಡು ನಿಂತವರಿಗೆ ಹೆದರಬೇಕಿಲ್ಲ. ತೊಂದರೆಯೆಂದರೆ ಪರದೆಯ ಮೇಲೆ ಕಾಣುವುದು ಒಂದು ಬೆಲೆ, ನಾಲ್ಕು ಸಾಲಿನ ವಿವರ, ಹೆಚ್ಚೆಂದರೆ ಎರಡು ಮಸುಕು ಫೋಟೊ. ಬೆಲೆ ಅಕ್ಕಪಕ್ಕದ ಮನೆಗಳಿಗಿಂತ ಕಡಿಮೆಯಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಹುಡುಕಿ, ಅದನ್ನು ಬಗೆಹರಿಸಲು ತಗಲುವ ಹಣ ಮತ್ತು ತಿಂಗಳುಗಳನ್ನು ಲೆಕ್ಕ ಹಾಕುವುದರಲ್ಲೇ ಲಾಭ-ನಷ್ಟ ತೀರ್ಮಾನವಾಗುತ್ತದೆ.

ನೋಟಿಸನ್ನು ಓದುವ ಕ್ರಮ

ಇಂಥ ಮಾರಾಟಗಳು ನಡೆಯುವುದು, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ. ಮೊದಲು ಸಾಲಗಾರನಿಗೆ 60 ದಿನಗಳ ಡಿಮ್ಯಾಂಡ್ ನೋಟಿಸು, ನಂತರ ಸ್ವಾಧೀನ, ಆಮೇಲೆ ಮಾರಾಟದ ನೋಟಿಸು. ಮೊದಲ ಸಲದ ಹರಾಜಿಗೆ 30 ದಿನ ಮುಂಚೆ ನೋಟಿಸು ಕೊಡಬೇಕು. ಆ ಹರಾಜು ವಿಫಲವಾಗಿ ಮತ್ತೆ ಇಟ್ಟರೆ 15 ದಿನ ಸಾಕು. ಹಾಗಾಗಿ 15 ದಿನಗಳ ನೋಟಿಸು ಕಂಡರೆ, ಈ ಆಸ್ತಿಯನ್ನು ಹಿಂದೊಮ್ಮೆ ಯಾರೂ ಮುಟ್ಟಿಲ್ಲ ಎಂದು ತಿಳಿಯಿರಿ. ಮೀಸಲು ಬೆಲೆ, ಅಂದರೆ ಕೂಗು ಶುರುವಾಗುವ ಕನಿಷ್ಠ ಬೆಲೆ ಇಳಿದಿದ್ದರೆ ಖುಷಿಪಡುವ ಮೊದಲು, ಬೇರೆಯವರು ಯಾಕೆ ಬಿಟ್ಟರು ಎಂದು ವಿಚಾರಿಸಿ.

ನೋಟಿಸಿನಲ್ಲಿ ಗಮನಿಸಬೇಕಾದವು: ಮೀಸಲು ಬೆಲೆ, ಇಎಂಡಿ (ಬಿಡ್ ಹಾಕುವ ಮೊದಲು ಇಡುವ ಠೇವಣಿ, ಸಾಮಾನ್ಯವಾಗಿ ಮೀಸಲು ಬೆಲೆಯ ಶೇ. 10), ಒಂದು ಕೂಗಿಗೆ ಏರಿಸಬೇಕಾದ ಮೊತ್ತ, ಆಸ್ತಿ ನೋಡಲು ಕೊಟ್ಟ ದಿನ, ಅಧಿಕೃತ ಅಧಿಕಾರಿಯ (ಮಾರಾಟ ನಡೆಸುವ ಬ್ಯಾಂಕಿನ ಅಧಿಕಾರಿ) ಫೋನ್ ನಂಬರು. ಇವೆಲ್ಲಕ್ಕಿಂತ ತೂಕದ್ದು ಸ್ವಾಧೀನದ ಬಗೆ: ಸಾಂಕೇತಿಕವೋ, ಭೌತಿಕವೋ.

ಭೌತಿಕ ಸ್ವಾಧೀನವೆಂದರೆ ಬೀಗದ ಕೈ ಬ್ಯಾಂಕಿನ ಬಳಿ ಇದೆ. ಸಾಂಕೇತಿಕವೆಂದರೆ ಬಾಗಿಲಿಗೆ ನೋಟಿಸು ಅಂಟಿಸಿದ್ದಾರೆ, ಒಳಗೆ ಜನ ವಾಸವಾಗಿದ್ದಾರೆ. ಅವರನ್ನು ಬಿಡಿಸಲು ಬ್ಯಾಂಕು 14ನೇ ಸೆಕ್ಷನ್ ಅಡಿ ಜಿಲ್ಲಾಧಿಕಾರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಆದೇಶಕ್ಕೆ ಕಾಯ್ದೆ ಕೊಡುವ ಗಡುವು 30 ದಿನ, ಕಾರಣ ಬರೆದರೆ ಒಟ್ಟು 60 ದಿನ. ಆದರೆ ಆದೇಶ ಬಂದ ಮೇಲೂ ಪೊಲೀಸ್ ಬಂದೋಬಸ್ತಿಗೆ ಕಾಯಬೇಕು, ನಡುವೆ ತಡೆಯಾಜ್ಞೆ ಬರಬಹುದು. ಒಂದು ವರ್ಷ ಮೀರುವುದು ಅಪರೂಪವೇನಲ್ಲ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಲೀಸಿಗೆ ಇರುವವರು. ಮಾಲೀಕನಿಗೆ ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು ಮನೆ ಹಿಡಿದವರ ಕರಾರು ಹಲವು ಸಲ ನೋಂದಣಿಯಾಗಿರುವುದಿಲ್ಲ. ಕಾನೂನಿನಲ್ಲಿ ಅವರ ಹಕ್ಕು ದುರ್ಬಲವಾಗಿರಬಹುದು, ಆದರೆ ಹಣ ಹೋದವರು ಸುಮ್ಮನೆ ಎದ್ದು ಹೋಗುವುದಿಲ್ಲ. ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಲು ಕಾಯ್ದೆಯಲ್ಲಿ ಅವಕಾಶವಿದೆ. ಮೊದಲ ಮನೆ ಕೊಳ್ಳುತ್ತಿರುವವರು, ಬಾಡಿಗೆಯೂ ಕಂತೂ ಎರಡನ್ನೂ ಕಟ್ಟಲಾಗದವರು ಸಾಂಕೇತಿಕ ಸ್ವಾಧೀನದ ಆಸ್ತಿಯನ್ನು ಮುಟ್ಟದಿರುವುದೇ ಒಳ್ಳೆಯದು.

ನೋಟಿಸಿನ ಕೊನೆಗೆ ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಮಾತು ಇರುತ್ತದೆ. ಅದನ್ನು ಶಾಸ್ತ್ರಕ್ಕೆ ಬರೆದದ್ದು ಅಂದುಕೊಳ್ಳಬೇಡಿ. ಬಾಕಿ ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ, ಅಪಾರ್ಟ್‌ಮೆಂಟ್ ನಿರ್ವಹಣಾ ಶುಲ್ಕ ನಿಮ್ಮ ತಲೆಗೆ ಬರುವುದು ಈ ಸಾಲಿನಿಂದ. ಹಳೆಯ ಮಾಲೀಕನ ವಿದ್ಯುತ್ ಬಾಕಿಯನ್ನು ಕಟ್ಟುವ ತನಕ ಹೊಸಬರಿಗೆ ಸಂಪರ್ಕ ಕೊಡುವುದಿಲ್ಲ ಎಂದು ನಿಯಮಗಳ ಆಧಾರದಲ್ಲಿ ಹೇಳುವ ಅಧಿಕಾರ ವಿದ್ಯುತ್ ಕಂಪನಿಗಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿದಿದೆ.

ಇಎಂಡಿ ಕಟ್ಟುವ ಮೊದಲು ಕಾಗದಪತ್ರ

ಬ್ಯಾಂಕು ಸಾಲ ಕೊಟ್ಟಿದೆ ಅಂದಮೇಲೆ ಕಾಗದ ಸರಿಯಿರಲೇಬೇಕು ಎಂಬ ನಂಬಿಕೆಯಿಂದಲೇ ಹೆಚ್ಚು ಜನ ಕೆಡುವುದು. ಅಧಿಕೃತ ಅಧಿಕಾರಿಯಿಂದ ಕ್ರಯಪತ್ರದ ನಕಲು ಕೇಳಿ ಪಡೆಯಿರಿ. ಕೊಡಲು ಹಿಂದೇಟು ಹಾಕಿದರೆ ಅದೂ ಒಂದು ಸುಳಿವು. ಆಮೇಲೆ:

– ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಕನಿಷ್ಠ 30 ವರ್ಷಗಳ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಯಿರಿ. ಈ ಬ್ಯಾಂಕಿನ ಅಡಮಾನ ಯಾವ ದಿನಾಂಕದ್ದು, ಅದಕ್ಕೂ ಮೊದಲು ಬೇರೆ ಅಡಮಾನ, ಕರಾರು, ಕೋರ್ಟ್ ಜಪ್ತಿ ಇದೆಯೇ ನೋಡಿ. ಜತೆಗೆ ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸೈ ತಾಣದಲ್ಲಿ ಅದೇ ಆಸ್ತಿಯ ಮೇಲೆ ಎರಡನೇ ಬ್ಯಾಂಕಿನ ಸಾಲ ಇದೆಯೇ ಹುಡುಕಿ. ಶುಲ್ಕ ಅಲ್ಪ.

– ಖಾತೆ. ರಾಜ್ಯದಲ್ಲಿ ಈಗ ನೋಂದಣಿಗೆ ಇ-ಖಾತೆ ಬೇಕು. ಹಳೆಯ ಮಾಲೀಕ ಅದನ್ನು ಮಾಡಿಸಿಲ್ಲವೆಂದರೆ ಆ ಓಡಾಟ ನಿಮ್ಮದು. ಪೂರ್ತಿ ಕ್ರಮಬದ್ಧವಲ್ಲದ ಬಿ-ಖಾತೆಯೋ, ಗ್ರಾಮ ಪಂಚಾಯಿತಿಯ 11ಬಿ ಆಸ್ತಿಯೋ ಆಗಿದ್ದರೆ ಮುಂದೆ ಸಾಲ ಸಿಗುವುದೂ ಮರುಮಾರಾಟವೂ ಕಷ್ಟ.

– ಸೈಟು ಅಥವಾ ಜಮೀನಾದರೆ ಭೂ ಪರಿವರ್ತನೆ ಆದೇಶ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ವಿವರ ಎಕರೆ-ಗುಂಟೆಯಲ್ಲಿದ್ದು ಪಹಣಿಯಲ್ಲಿ ಇನ್ನೂ ಬೆಳೆ ಕಾಣುತ್ತಿದ್ದರೆ ಆ ಹರಾಜೇ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಮೂಲದಲ್ಲಿ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಅಂಥ ಜಮೀನಿನ ಪರಭಾರೆಯನ್ನು ತಡೆಯುವ ಪಿಟಿಸಿಎಲ್ ಕಾಯ್ದೆ ಬರುತ್ತದೆ. 2023ರ ತಿದ್ದುಪಡಿಯ ನಂತರ ಅಂಥ ಜಮೀನನ್ನು ಮರಳಿ ಕೇಳಲು ಕಾಲಮಿತಿಯೇ ಇಲ್ಲ.

– ಮೊಕದ್ದಮೆ. ಡಿಆರ್‌ಟಿ ತಾಣದಲ್ಲಿ ಸಾಲಗಾರನ ಮತ್ತು ಜಾಮೀನುದಾರನ ಹೆಸರು ಹಾಕಿ ಹುಡುಕಿ. ಬ್ಯಾಂಕಿನ ಕ್ರಮವನ್ನು ಪ್ರಶ್ನಿಸಲು ಅವರಿಗೆ 45 ದಿನಗಳ ಅವಕಾಶವಿದೆ. ಇ-ಕೋರ್ಟ್ಸ್ ತಾಣದಲ್ಲೂ ಅದೇ ಹೆಸರುಗಳಲ್ಲಿ ಪಾಲು ವಿಭಾಗದ ದಾವೆ ಇದೆಯೇ ನೋಡಿ. ಅಣ್ಣತಮ್ಮಂದಿರ ಪಾಲಿನ ಜಗಳ ಸಾಲಕ್ಕಿಂತ ಹಳೆಯದಾಗಿರುವುದುಂಟು.

ಇಷ್ಟನ್ನೂ ಒಬ್ಬ ಆಸ್ತಿ ವಕೀಲರಿಗೆ ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳಿ. ಇಎಂಡಿಗೆ ಹೋಲಿಸಿದರೆ ಅವರ ಫೀಸು ಏನೂ ಅಲ್ಲ.

ಸ್ಥಳಕ್ಕೆ ನೀವೇ ಹೋಗಿ. ಕ್ರಯಪತ್ರದ ಚೆಕ್ಕುಬಂದಿ ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕು ತಾಳೆ ನೋಡಿ, ಟೇಪು ಹಿಡಿದು ಅಳತೆ ಮಾಡಿ. ಒಂದೇ ಮಾದರಿಯ ಸೈಟುಗಳಿರುವ ಬಡಾವಣೆಯಲ್ಲಿ ಪಕ್ಕದ ಸೈಟನ್ನು ತೋರಿಸಿಬಿಡುವ ಏಜೆಂಟರಿದ್ದಾರೆ. ಅಪಾರ್ಟ್‌ಮೆಂಟಾದರೆ ಸಂಘದ ಕಾರ್ಯದರ್ಶಿಯಿಂದ ಬಾಕಿಯ ಮೊತ್ತವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ವಾಚ್‌ಮನ್ ಮತ್ತು ಎದುರುಮನೆಯವರ ಬಳಿ ಹತ್ತು ನಿಮಿಷ ಮಾತಾಡಿದರೆ ಬ್ಯಾಂಕಿನ ಕಡತದಲ್ಲಿ ಇಲ್ಲದ್ದು ಸಿಗುತ್ತದೆ.

ಎಲ್ಲಿಯವರೆಗೆ ಕೂಗಬಹುದು?

ಈ ಲೆಕ್ಕವನ್ನು ಹರಾಜಿನ ಹಿಂದಿನ ವಾರವೇ ಕಾಗದದ ಮೇಲೆ ಮಾಡಿ. ಒಂದು ಉದಾಹರಣೆ ನೋಡೋಣ. ಅದೇ ಕಟ್ಟಡದ ಫ್ಲಾಟು ಹೊರಗೆ 80 ಲಕ್ಷಕ್ಕೆ ಸಿಗುತ್ತದೆ, ಹರಾಜಿನ ಮೀಸಲು ಬೆಲೆ 60 ಲಕ್ಷ, ಸ್ವಾಧೀನ ಸಾಂಕೇತಿಕ. ಸಂಘದ ಮತ್ತು ತೆರಿಗೆಯ ಬಾಕಿ 2 ಲಕ್ಷ, ರಿಪೇರಿ 4 ಲಕ್ಷ, ವಕೀಲರಿಗೆ 1 ಲಕ್ಷ. ನೀವು 66 ಲಕ್ಷಕ್ಕೆ ಕೂಗಿ, ಸ್ವಾಧೀನಕ್ಕೆ 18 ತಿಂಗಳು ಹಿಡಿದರೆ, ಆ ಹಣಕ್ಕೆ ಶೇ. 9ರಂತೆ ಬಡ್ಡಿ 8.91 ಲಕ್ಷ. ಒಟ್ಟು 15.91 ಲಕ್ಷ. ಅಂದರೆ 64 ಲಕ್ಷ ದಾಟಿದ ಕೂಡಲೇ ಹೊರಗೆ ನೆಮ್ಮದಿಯಾಗಿ ಕೊಳ್ಳುವುದೇ ಅಗ್ಗ. ತಲೆನೋವಿಗೆ ಪ್ರತಿಫಲ ಬೇಕೆಂದರೆ ಇನ್ನೂ ಕೆಳಗೆ ನಿಲ್ಲಬೇಕು. ನೋಂದಣಿ ಖರ್ಚು ಎಲ್ಲಿ ಕೊಂಡರೂ ಇದ್ದದ್ದೇ, ಅದನ್ನು ಈ ಹೋಲಿಕೆಯಲ್ಲಿ ಸೇರಿಸಬೇಡಿ.

ಇನ್ನೊಂದು ಲೆಕ್ಕ ಹಣದ ದಿನಾಂಕಗಳದು. 66 ಲಕ್ಷಕ್ಕೆ ಗೆದ್ದಿರಿ ಎನ್ನಿ. ಅದೇ ದಿನ ಅಥವಾ ಮರು ಕೆಲಸದ ದಿನದೊಳಗೆ ಶೇ. 25, ಅಂದರೆ 16.5 ಲಕ್ಷ ತುಂಬಬೇಕು. 6 ಲಕ್ಷ ಇಎಂಡಿ ಕಳೆದು 10.5 ಲಕ್ಷ. ಮಾರಾಟ ಖಚಿತವಾದ 15ನೇ ದಿನದೊಳಗೆ ಉಳಿದ 49.5 ಲಕ್ಷ. ಬರಹದ ಒಪ್ಪಂದದ ಮೂಲಕ ಬ್ಯಾಂಕು ಗಡುವು ವಿಸ್ತರಿಸಬಹುದು, ಆದರೂ ಮೂರು ತಿಂಗಳು ಮೀರುವಂತಿಲ್ಲ. ತಪ್ಪಿದರೆ ಕಟ್ಟಿದ ಶೇ. 25 ಪೂರ್ತಿ ಮುಟ್ಟುಗೋಲು. ಹೀಗೆ ಮುಟ್ಟುಗೋಲು ಹಾಕಿಕೊಳ್ಳುವುದು ಸರಿಯೆಂದು 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಗೃಹಸಾಲವನ್ನು ನೆಚ್ಚಿಕೊಂಡವರು ಹರಾಜಿಗೆ ಮೊದಲೇ ಮಂಜೂರಾತಿ ಪತ್ರ ಪಡೆದಿರಬೇಕು. ಹಲವು ಬ್ಯಾಂಕುಗಳು ಸಾಂಕೇತಿಕ ಸ್ವಾಧೀನದ ಆಸ್ತಿಗೆ ಸಾಲವನ್ನೇ ಕೊಡುವುದಿಲ್ಲ, ಹಾಗಾಗಿ ಹರಾಜು ಹಾಕುವ ಬ್ಯಾಂಕನ್ನೇ ಮೊದಲು ಕೇಳಿ.

ತೆರಿಗೆಯ ಎರಡು ವಿಷಯ. ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ ಕಳೆದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. ಯಾರ ಪ್ಯಾನ್‌ಗೆ ಕಟ್ಟಬೇಕೆಂದು ಬ್ಯಾಂಕಿನಿಂದ ಬರಹದಲ್ಲಿ ಪಡೆಯಿರಿ. ಮುಳುಗಿದ ಸಾಲಗಾರನ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ದರ ಶೇ. 20ಕ್ಕೆ ಏರುತ್ತದೆ, ಆಮೇಲೆ ನೋಟಿಸು ಬರುವುದು ನಿಮಗೆ. ಎರಡನೆಯದು, ಹರಾಜಿನ ಬೆಲೆ ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಮೌಲ್ಯಕ್ಕಿಂತ ತೀರಾ ಕೆಳಗಿದ್ದರೆ ಆ ವ್ಯತ್ಯಾಸವನ್ನು ನಿಮ್ಮ ಆದಾಯವೆಂದು ತೆರಿಗೆ ಇಲಾಖೆ ಕೇಳಬಹುದು. ಬಿಡ್‌ಗೆ ಮುಂಚೆ ಲೆಕ್ಕಪರಿಶೋಧಕರಿಗೆ ತೋರಿಸಿ.

ತಾಣದಲ್ಲಿ ನೋಂದಣಿ, ಹರಾಜಿನ ದಿನ

ಮೊಬೈಲ್, ಇಮೇಲ್, ಪ್ಯಾನ್, ವಿಳಾಸದ ದಾಖಲೆ ಕೊಟ್ಟು ಖಾತೆ ತೆರೆಯಿರಿ. ಕೆವೈಸಿ ಒಪ್ಪಿಗೆಗೆ ಸಮಯ ಹಿಡಿಯಬಹುದು. ಇಎಂಡಿಯನ್ನು ತಾಣದ ವ್ಯಾಲೆಟ್‌ಗೆ ಕಳಿಸಿದರೆ ಮುಗಿಯುವುದಿಲ್ಲ, ಅದನ್ನು ನಿರ್ದಿಷ್ಟ ಆಸ್ತಿಗೆ ಜೋಡಿಸಬೇಕು. ಹಣ ವ್ಯಾಲೆಟ್‌ನಲ್ಲೇ ಕೂತು, ಬಿಡ್ ಮಾಡುವ ಗುಂಡಿ ಕಾಣಿಸದೆ ಕಂಗಾಲಾಗುವವರು ಹೆಚ್ಚಾಗಿ ಮರೆಯುವುದು ಈ ಹೆಜ್ಜೆಯನ್ನೇ. ಕೊನೆಯ ದಿನಕ್ಕಿಂತ ಎರಡು ಕೆಲಸದ ದಿನ ಮೊದಲೇ ಎಲ್ಲ ಮುಗಿಸಿ. ಯಾರ ಹೆಸರಿಗೆ ಬಿಡ್ ಹಾಕುತ್ತೀರೋ ಅವರ ಹೆಸರಿಗೇ ಸೇಲ್ ಸರ್ಟಿಫಿಕೇಟ್. ಹೆಂಡತಿಯ ಹೆಸರೂ ಬೇಕಿದ್ದರೆ ಶುರುವಿನಲ್ಲೇ ಸೇರಿಸಿ.

ಇಎಂಡಿ ಹೋಗಬೇಕಾದದ್ದು ನೋಟಿಸಿನಲ್ಲಿರುವ ಖಾತೆಗೆ ಅಥವಾ ತಾಣವೇ ಕೊಡುವ ಖಾತೆಗೆ. ‘ನನಗೆ ಕಳಿಸಿ, ಮ್ಯಾನೇಜರ್ ಪರಿಚಯ’ ಎನ್ನುವವರ ಯುಪಿಐಗೆ ಒಂದು ರೂಪಾಯಿಯೂ ಬೇಡ. ಬ್ಯಾಂಕ್ ತಾಣಗಳ ಹೆಸರನ್ನೇ ಹೋಲುವ ನಕಲಿ ತಾಣಗಳೂ ಇರುತ್ತವೆ. ನೋಟಿಸಿನಲ್ಲಿ ಮುದ್ರಿತವಾದ ವಿಳಾಸವನ್ನೇ ಟೈಪಿಸಿ.

ಕೊನೆಯ ಕ್ಷಣದಲ್ಲಿ ಬಿಡ್ ಒತ್ತಿ ಗೆಲ್ಲುವ ತಂತ್ರ ಇಲ್ಲಿ ನಡೆಯದು. ಮುಕ್ತಾಯಕ್ಕೆ ಕೆಲವು ನಿಮಿಷ ಇರುವಾಗ ಯಾರಾದರೂ ಕೂಗಿದರೆ ಗಡಿಯಾರ ತಾನಾಗಿ ಐದೋ ಹತ್ತೋ ನಿಮಿಷ ಮುಂದೆ ಹೋಗುತ್ತದೆ, ಹೀಗೆ ಎಷ್ಟು ಸಲವಾದರೂ ಆಗಬಹುದು. ಅರ್ಧ ಗಂಟೆಯ ಹರಾಜು ಮೂರು ಗಂಟೆ ಎಳೆದಾಗ ಜಿದ್ದು ಹುಟ್ಟುತ್ತದೆ, ಜಿದ್ದಿನಲ್ಲಿ ಮಿತಿ ಮರೆತುಹೋಗುತ್ತದೆ. ಬರೆದಿಟ್ಟ ಅಂಕಿ ಬಂದ ಕೂಡಲೇ ಲಾಗ್ ಔಟ್ ಆಗಿ. ಒತ್ತುವ ಮುನ್ನ ಸೊನ್ನೆಗಳನ್ನು ಎಣಿಸಿ, ಹಾಕಿದ ಬಿಡ್ ವಾಪಸ್ ತೆಗೆಯಲು ಬರುವುದಿಲ್ಲ. ಬ್ರಾಡ್‌ಬ್ಯಾಂಡ್ ಜತೆಗೆ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ನಿಮ್ಮ ಕಡೆಯ ನೆಟ್ ಹೋದರೆ ಬ್ಯಾಂಕು ಜವಾಬ್ದಾರಿ ಹೊರುವುದಿಲ್ಲ.

ಹರಾಜಿನ ಹಿಂದಿನ ರಾತ್ರಿ ಡಿಆರ್‌ಟಿ ತಡೆ ಬಂದೋ, ಸಾಲಗಾರ ಒನ್-ಟೈಮ್ ಸೆಟ್ಲ್‌ಮೆಂಟ್ ಮಾಡಿಕೊಂಡೋ ಎಲ್ಲ ರದ್ದಾಗಬಹುದು. ಆಗ ಇಎಂಡಿ ಮರಳುತ್ತದೆ, ಸಾಮಾನ್ಯವಾಗಿ ಬಡ್ಡಿ ಇಲ್ಲದೆ. ಹಾಗಾಗಿ ಚಿನ್ನ ಅಡವಿಟ್ಟೋ ಕೈಸಾಲ ತಂದೋ ಇಎಂಡಿ ಕಟ್ಟಬೇಡಿ.

ಗೆದ್ದ ಮೇಲೆ

ಪೂರ್ತಿ ಹಣ ಸಂದ ಮೇಲೆ ಅಧಿಕೃತ ಅಧಿಕಾರಿ ಸೇಲ್ ಸರ್ಟಿಫಿಕೇಟ್ ಕೊಡುತ್ತಾರೆ. ಸಹಿಗೆ ಮುಂಚೆ ಕರಡು ತರಿಸಿಕೊಂಡು ಆಸ್ತಿ ವಿವರ, ಚೆಕ್ಕುಬಂದಿ, ನಿಮ್ಮ ಹೆಸರಿನ ಅಕ್ಷರಗಳನ್ನು ಪರೀಕ್ಷಿಸಿ. ಆಮೇಲಿನ ತಿದ್ದುಪಡಿಗೆ ಬ್ರಾಂಚು, ವಲಯ ಕಚೇರಿ, ನೋಂದಣಿ ಕಚೇರಿ ಎಂದು ತಿಂಗಳುಗಟ್ಟಲೆ ಅಲೆಯಬೇಕಾದೀತು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. ಹಾಗೆ ನೋಡಿದರೆ 66 ಲಕ್ಷಕ್ಕೆ 5,01,600 ರೂಪಾಯಿ. ಲೆಕ್ಕ ಹಿಡಿಯುವುದು ಹರಾಜಿನ ಬೆಲೆಯನ್ನೋ ಮಾರ್ಗಸೂಚಿ ಮೌಲ್ಯವನ್ನೋ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಬ್ಯಾಂಕಿನಿಂದ ಮೂಲ ಕ್ರಯಪತ್ರಗಳನ್ನು ಪಟ್ಟಿ ಸಮೇತ ಎಣಿಸಿ ಪಡೆಯಿರಿ. ಅಡಮಾನ ರದ್ದಾದದ್ದು ಉಪನೋಂದಣಿ ಕಚೇರಿಯಲ್ಲೂ ಸೆರ್ಸೈನಲ್ಲೂ ದಾಖಲಾಗಬೇಕು. ಸೇಲ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಬ್ಯಾಂಕಿಗೆ ಇದರಲ್ಲಿ ಆಸಕ್ತಿ ಉಳಿಯುವುದಿಲ್ಲ, ಆದ್ದರಿಂದ ಕೊನೆಯ ಕಂತು ಕಟ್ಟುವ ದಿನವೇ ಲಿಖಿತ ಕೋರಿಕೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೀಲಿ ಪಡೆಯುವಾಗ ಒಳಗಿರುವ ಹಳೆಯ ಸಾಮಾನಿನ ಪಂಚನಾಮೆಯ ನಕಲು ಕೇಳಿ, ಇಡೀ ಮನೆಯನ್ನು ವಿಡಿಯೊ ಮಾಡಿಟ್ಟುಕೊಳ್ಳಿ. ಆಮೇಲೆ ಹೊಸ ಇಸಿ ತೆಗೆದು ನಿಮ್ಮ ಹೆಸರು ಬಂದಿದೆಯೇ ನೋಡಿ, ಖಾತೆ ಬದಲಾವಣೆಗೆ ಅರ್ಜಿ ಹಾಕಿ, ಅದು ಕೈಸೇರಿದ ಮೇಲೆ ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನು ನಿಮ್ಮ ಹೆಸರಿಗೆ ಮಾಡಿಸಿ.