ಗಾಳದ ರಾಡ್ ಹಿಡಿಗೆ ಹಾವಿನ ಚರ್ಮದ ಚಿತ್ತಾರ

ನಿಜವಾದ ಹಾವಿನ ಚರ್ಮ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರಹಾವು, ಹೆಬ್ಬಾವಿನ ಚರ್ಮ ಇಟ್ಟುಕೊಳ್ಳುವುದೇ ಅಪರಾಧ. ಹಾವಿನ ಚರ್ಮದ ಚಿತ್ತಾರ ಅಚ್ಚೊತ್ತಿದ ತೆಳು ಮೇಕೆ ಚರ್ಮ, 0.6ರಿಂದ 0.8 ಮಿ.ಮೀ., ನೋಟಕ್ಕೇನೂ ಕಡಿಮೆಯಿಲ್ಲ. ದಪ್ಪದ್ದು ತಂದರೆ ಅಂಚುಗಳು ಕೂಡುವ ಸಂದು ಉಬ್ಬುತ್ತದೆ.

25 ಮಿ.ಮೀ. ದಪ್ಪದ ಹಿಡಿಯ ಸುತ್ತಳತೆ ಸುಮಾರು 79 ಮಿ.ಮೀ.; ಚರ್ಮವನ್ನು 86ಕ್ಕೆ ಕತ್ತರಿಸಿ. ಹಿಡಿಗೆ 220 ನಂಬರ್ ಉಪ್ಪುಕಾಗದ ಉಜ್ಜಿ, ಧೂಳು ಒರೆಸಿ. ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಸುತ್ತಿ. ಹಸಿಯಲ್ಲೇ ಒತ್ತಿದರೆ ಒಳಗೆ ಗುಳ್ಳೆ ಗ್ಯಾರಂಟಿ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಅಂಟು ಬ್ರಷ್‌ನಲ್ಲೇ ಗಟ್ಟಿಯಾಗುತ್ತದೆ, ಬೆಳಿಗ್ಗೆಯೇ ಮುಗಿಸಿ.

ಅಂದ ಕೆಡುವುದು ಸಂದಿನಲ್ಲೇ. ಎರಡೂ ಅಂಚಿನ 10 ಮಿ.ಮೀ.ಗೆ ಅಂಟು ಹಾಕದೆ ಬಿಡಿ. ಒಂದರ ಮೇಲೊಂದು ಬರುವಂತೆ ಎಳೆದು, ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿ ಇಟ್ಟು, ಹೊಸ ಬ್ಲೇಡಿನಿಂದ ಎರಡೂ ಪದರವನ್ನು ಒಂದೇ ಗೆರೆಗೆ ಕೊಯ್ಯಿರಿ. ತುಂಡು ತೆಗೆದು ಅಂಟಿಸಿದರೆ ಅಂಚುಗಳು ಕೂದಲೆಳೆಯಷ್ಟೂ ಬಿಡದೆ ಕೂಡುತ್ತವೆ. ಸಂದು ಕೆಳಮುಖವಾಗಿರಲಿ.

ತುದಿಗಳಿಗೆ 10 ಮಿ.ಮೀ. ಅಗಲಕ್ಕೆ ನೈಲಾನ್ ದಾರ ಬಿಗಿಯಾಗಿ ಸುತ್ತಿ. ಸೂಳೆಕೆರೆಯ ನೀರು ನುಗ್ಗುವುದು ಅಲ್ಲಿಂದಲೇ. ಮೇಲೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಿಯುವ ರಾಳ) ಬಳಿಯಿರಿ. ಮೊದಲ ಕೋಟು ತೀರಾ ತೆಳುವಾಗಿರಲಿ, ಇಲ್ಲದಿದ್ದರೆ ಚರ್ಮದ ರಂಧ್ರದ ಗಾಳಿ ಗುಳ್ಳೆಯಾಗಿ ಏಳುತ್ತದೆ. ಹರಿಯುವುದು ನಿಲ್ಲುವವರೆಗೂ ರಾಡ್ ತಿರುಗಿಸುತ್ತಿರಿ.