ಕಾಫಿ ಗೋಡೌನ್ ಸೂರಿನಡಿ ಒಂದು ಸೀಸನ್

ಗೋಣಿಕೊಪ್ಪದ ಹತ್ತಿರ ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತೇನೆ ಅಂದ್ರೆ ಜನ ಮೊದಲು ಕೇಳೋದು "ಹಾಕಿ ಯಾಕಲ್ಲ?" ಅಂತ. ತಪ್ಪೇನಿಲ್ಲ. 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳಿಂದ ಶುರುವಾದ ಕೊಡವ ಹಾಕಿ ಹಬ್ಬಕ್ಕೆ ಈಗ 300ಕ್ಕೂ ಜಾಸ್ತಿ ತಂಡಗಳು ಬರುತ್ತವೆ. ನನ್ನ ಹನ್ನೊಂದು ಹುಡುಗರಲ್ಲಿ ಎಂಟು ಮಂದಿ ಸ್ಟಿಕ್ ಹಿಡಿದು ಬೆಳೆದವರೇ. ಬಗ್ಗಿ ನಿಂತು ಡಿಫೆನ್ಸ್ ಮಾಡೋದನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದ್ರೆ ಡ್ರಿಬಲ್ ಮಾಡುವಾಗಲೂ ಕಣ್ಣು ನೆಲದ ಮೇಲೇ. "ತಲೆ ಎತ್ರೋ" ಅಂತ ಕಿರುಚಿ ಕಿರುಚಿ ನನ್ನ ಗಂಟಲು ಹೋಗಿತ್ತು.

ಮಳೆಯದ್ದು ಬೇರೆಯೇ ಕಥೆ. ಜೂನ್ ಕಳೆಯುವುದರೊಳಗೆ ಸಿಮೆಂಟ್ ಕೋರ್ಟ್ ಪೂರ್ತಿ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿ ಪೊರಕೆಯಲ್ಲಿ ಉಜ್ಜಿದೆವು. ನಾಲ್ಕೇ ದಿನಕ್ಕೆ ಮತ್ತೆ ಹಸಿರು. ಜುಲೈನಲ್ಲಿ, ಚೆಂಡು ಮುಂದೆ ತಂದು ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡ್ ಅಲ್ಲೇ ಜಾರಿ ಕಾಲು ಉಳುಕಿಸಿಕೊಂಡ. ಆರು ವಾರ ಆಟ ಬಂದ್.

ಕೊನೆಗೆ ದೊಡ್ಡಪ್ಪನ ಕಾಫಿ ಗೋಡೌನ್ ನೆನಪಾಯಿತು. ಅದರ ಮುಂದೆ ಜಿಂಕ್ ಶೀಟಿನ ಸೂರು, ಕೆಳಗೆ ಸಿಮೆಂಟ್ ನೆಲ. ಗೋಡೆಗೆ ಹಲಗೆ ಹೊಡೆದು 3.05 ಮೀಟರ್ ಎತ್ತರಕ್ಕೆ ರಿಂಗ್ ಕೂರಿಸಿದೆವು. ಹಲಗೆಯಿಂದ 4.6 ಮೀಟರ್ ಅಳೆದು ಸುಣ್ಣದಲ್ಲಿ ಗೆರೆ ಎಳೆದರೆ, ಗೆರೆಯ ಹಿಂದೆ ಎರಡು ಹೆಜ್ಜೆ ಜಾಗ ಅಷ್ಟೇ, ಆಮೇಲೆ ಮಳೆ. ಓಡಲಿಕ್ಕಿಲ್ಲ, ಪಾಸ್ ಕೊಡಲಿಕ್ಕಿಲ್ಲ. ಫ್ರೀ ಥ್ರೋ ಒಂದೇ, ಅಂದ್ರೆ ಫೌಲ್ ಆದಾಗ ಗೆರೆ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎಸೆಯೋದು. ದಿನಕ್ಕೆ ತಲೆಗೆ ನೂರು. ಮಳೆ ಜೋರಾದರೆ ಚೆಂಡು ರಿಂಗಿಗೆ ಬಡಿದ ಸದ್ದೂ ಕೇಳುತ್ತಿರಲಿಲ್ಲ. ಒದ್ದೆ ಚೆಂಡನ್ನು ಗೋಣಿಯಲ್ಲಿ ಒರೆಸಿ ಎಸೆಯೋದು, ಕೈ ತುಂಬಾ ಗೋಣಿ ನಾರು. ಹುಡುಗರಿಗೆ ಬೇಜಾರು. ನಿಜ ಹೇಳಬೇಕಂದ್ರೆ ನನಗೂ ಇದರ ಮೇಲೆ ನಂಬಿಕೆ ಇರಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೇ.

ಅಕ್ಟೋಬರ್‌ನಲ್ಲಿ ಮೈಸೂರಲ್ಲಿ ಲೀಗ್ ಶುರುವಾಯಿತು. ಹತ್ತು ತಂಡ, ಒಂಬತ್ತು ಪಂದ್ಯ, ಮೊದಲ ನಾಲ್ಕು ಸ್ಥಾನದವರಿಗೆ ಸೆಮಿಫೈನಲ್. ನಾವು ಮೊದಲ ಮೂರನ್ನೂ ಸೋತೆವು. ಎತ್ತರದ ತಂಡಗಳ ಎದುರು ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಕಾಯೋ ಹಾಗೆ ಆಡಿಸಿದ್ದು ನನ್ನದೇ ತಪ್ಪು. ನಾಲ್ಕನೇ ಪಂದ್ಯದಿಂದ 2-3 ಝೋನ್‌ಗೆ ಬಂದೆವು. ಮುಂದೆ ಇಬ್ಬರು, ರಿಂಗಿನ ಕೆಳಗೆ ಮೂವರು. ಒಳಗೆ ಬರಲಿಕ್ಕೆ ಬಿಡೋದಿಲ್ಲ, ಬೇಕಾದ್ರೆ ಮೂರು ಪಾಯಿಂಟಿನ 6.75 ಮೀಟರ್ ಗೆರೆಯ ಆಚೆಯಿಂದ ಎಸೆಯಲಿ. ಹಾಕಿ ಹುಡುಗರಿಗೆ ಇದು ಬೇಗ ಹತ್ತಿತು, ಜಾಗ ಕಾಯೋದು ಅವರಿಗೆ ಹೊಸದಲ್ಲ. ಐದು ಗೆದ್ದು ಹೇಗೋ ನಾಲ್ಕನೇ ಸ್ಥಾನ ಹಿಡಿದೆವು.

ಸೆಮಿಫೈನಲ್ ಮೂರು ಪಂದ್ಯದ್ದು, ಎದುರು ಲೀಗಲ್ಲಿ ಮೊದಲು ಬಂದ ತಂಡ. ಮೊದಲನೇದನ್ನು 19 ಪಾಯಿಂಟ್‌ನಿಂದ ಸೋತೆವು. ಬಸ್ಸಲ್ಲಿ ಪಾಯಿಂಟ್ ಗಾರ್ಡ್ ಕೇಳಿದ, "ಅಣ್ಣ, 2016ರ ಎನ್‌ಬಿಎ ಫೈನಲಲ್ಲಿ ಕ್ಲೀವ್‌ಲ್ಯಾಂಡ್ 3-1 ಹಿಂದೆ ಇದ್ದು ಗೆದ್ದಿತ್ತಲ್ವಾ?" "ಅವರಿಗೆ ಲೆಬ್ರಾನ್ ಇದ್ದ ಮಾರಾಯ, ನನಗೆ ನೀನು" ಅಂದೆ. ಆ ಎನ್‌ಬಿಎ ಫೈನಲಿನ ಕೊನೆಯ, ಏಳನೇ ಪಂದ್ಯದ ದಿನ ಬೆಳಗ್ಗೆ ನಮ್ಮೂರಲ್ಲಿ ಕರೆಂಟ್ ಹೋಗಿತ್ತು. 93-89 ಅಂತ ಗೊತ್ತಾಗಿದ್ದೇ ಸಂಜೆ. ಆ ಸಿಟ್ಟು ಈಗಲೂ ಇದೆ.

ನಮ್ಮ ಎರಡನೇ ಪಂದ್ಯ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಮರುದಿನವೇ ಬಿತ್ತು. ಪುತ್ತರಿ ಬಿಟ್ಟು ಬನ್ನಿ ಅನ್ನಲಿಕ್ಕೆ ಆಗುತ್ತಾ? ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಅಂತ ಕೂಗಿ ಅರ್ಧ ಜನರ ಗಂಟಲು ಕಟ್ಟಿತ್ತು. ಬೆಳಗ್ಗೆ ಬಸ್ಸು ಹತ್ತಿದವರು ತಿತಿಮತಿ ದಾಟುವಷ್ಟರಲ್ಲಿ ತಂಬುಟ್ಟಿನ ಡಬ್ಬಿ ಖಾಲಿ ಮಾಡಿ ಮಲಗಿಬಿಟ್ಟರು. ಇವತ್ತು ಮುಗೀತು ಅಂದುಕೊಂಡೆ.

ಕೊನೇ ಕ್ವಾರ್ಟರ್‌ಗೆ ನಾಲ್ಕು ಪಾಯಿಂಟ್ ಹಿಂದೆ. ಎದುರಿನವರು ಜೋರು ಕೈ ಹಾಕುತ್ತಿದ್ದರು. ಆರು ನಿಮಿಷ ಬಾಕಿ ಇರುವಾಗಲೇ ಅವರ ನಾಲ್ಕು ಫೌಲ್ ಮುಗಿದವು. ಐದನೇದರಿಂದ ಪ್ರತಿ ಫೌಲ್‌ಗೂ ಎರಡು ಫ್ರೀ ಥ್ರೋ. ಟೈಮ್‌ಔಟ್ ತಗೊಂಡು ಒಂದೇ ಮಾತು ಹೇಳಿದೆ: ಹೊರಗಿಂದ ಯಾರೂ ಎಸೀಬೇಡಿ, ಸೀದಾ ರಿಂಗಿಗೆ ನುಗ್ಗಿ. ನುಗ್ಗಿದರು, ಏಟು ತಿಂದರು, ಗೆರೆಗೆ ಬಂದು ನಿಂತರು. ಹದಿನಾಲ್ಕು ಎಸೆತಗಳಲ್ಲಿ ಹನ್ನೆರಡು ಒಳಗೆ. ಒಬ್ಬ ಎಸೆಯುವ ಮುಂಚೆ ಒಣ ಚೆಂಡನ್ನೇ ಚಡ್ಡಿಗೆ ಒರೆಸಿದ. ಅಭ್ಯಾಸ ಬಲ. ಮೂರು ಪಾಯಿಂಟ್‌ನಿಂದ ಗೆದ್ದೆವು.

ಮೂರನೇದು 61-64, ಸೋತೆವು. ಅದರ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ನಮ್ಮ ಎತ್ತರದ ಹುಡುಗ ಐದು ಫೌಲ್ ಆಗಿ ಬೇಗ ಹೊರಗೆ ಬಂದ, ಬೆಂಚಲ್ಲಿ ಅವನಷ್ಟು ಎತ್ತರದವರು ಇರಲಿಲ್ಲ.

ಊರಿಗೆ ಬಂದ ಮರುದಿನ ಗೋಡೌನ್ ಕಡೆ ಹೋದೆ. ಕಣದ ತುಂಬಾ ಕಾಫಿ ಹರವಿತ್ತು, ಸೂರಿನಡಿ ಮೂಟೆಗಳು. ಸುಣ್ಣದ ಗೆರೆ ಮೂಟೆ ಕೆಳಗೆ ಹೋಗಿತ್ತು. "ಆ ರಿಂಗ್ ತೆಗೀಲಾ ದೊಡ್ಡಪ್ಪ?" ಅಂತ ಕೇಳಿದೆ.

"ಇರ್ಲಿ ಬಿಡು," ಅಂದರು. ನೋಡಿದರೆ ರಿಂಗಿಗೆ ತಕ್ಕಡಿ ನೇತು ಹಾಕಿದ್ದರು.