ಜಿಂಕೆಗೆ ಚಿನ್ನ ಕೂರಿಸಿದ ಕಥೆ

ಮೂರು ಮಳೆಗಾಲ ಕಳೆಯಿತು. ಬೈಲಕುಪ್ಪೆಯ ಸಣ್ಣ ಗೊಂಪ, ಅಂದರೆ ಟಿಬೆಟನ್ ಬೌದ್ಧ ಮಠವೊಂದರ ನೆತ್ತಿಯಲ್ಲಿ ನಾನು ಕೂರಿಸಿದ ಜೋಡಿ ಜಿಂಕೆ, ನಡುವಿನ ಎಂಟು ಅರೆಗಳ ಚಕ್ರ ಇನ್ನೂ ಹೊಳೆಯುತ್ತಿವೆ. ಫೈಬರ್ ಮೇಲೆ ಚಿನ್ನದ ರೇಕು (ತೀರಾ ತೆಳು ಹಾಳೆ) ನಿಲ್ಲಲ್ಲ ಎಂದವರೇ ಈಗ ಫೋನ್ ಮಾಡಿ ಹೇಗೆ ಅಂತ ಕೇಳುತ್ತಿದ್ದಾರೆ.

ತಾಮ್ರದ ತಗಡು ಬಡಿದು ಮಾಡುವುದು ವಾಡಿಕೆ. ಅಷ್ಟು ದುಡ್ಡು ಗೊಂಪದವರಲ್ಲಿರಲಿಲ್ಲ. ಫೈಬರ್‌ನಲ್ಲಿ ಮಾಡಿಕೊಡುತ್ತೇನೆ ಅಂತ ಎರಡು ಲಕ್ಷಕ್ಕೆ ಒಪ್ಪಿಕೊಂಡೆ.

ಮೊದಲ ಜೋಡಿ ಕೆಟ್ಟಿತು. ಶೆಡ್ಡಿನಲ್ಲಿ ಚೆಂದವೇ ಇತ್ತು. ಮೂವತ್ತಡಿ ಮೇಲಿಟ್ಟಾಗ ಮಡಚಿದ ಕಾಲು ಅಂಚಿಗೆ ಮರೆಯಾಗಿ, ಕತ್ತು ಕುಗ್ಗಿತು. ಹಿರಿಯ ಲಾಮಾ ಒಬ್ಬರು ಕೆಳಗಿಂದ ನೋಡಿ, "ಮೇಸ್ತ್ರಿ, ಇದು ಆಡು ಅಲ್ವಾ?" ಎಂದರು. ಸಾರನಾಥದ ಜಿಂಕೆವನದಲ್ಲಿ ಬುದ್ಧನ ಮೊದಲ ಉಪದೇಶ ನೆನಪಿಸುವ ಪ್ರಾಣಿಗಳು ಇವು. ಮುಖವೆತ್ತಿ ಚಕ್ರದ ಕಡೆ ಕಿವಿಗೊಟ್ಟಿರಬೇಕು. ನನ್ನವು ಮೇವು ಹುಡುಕುತ್ತಿದ್ದವು! ಎರಡನೇ ಸಲ ಹಸಿ ಮಣ್ಣಿನ ಮಾದರಿಯನ್ನೇ ಅಟ್ಟಣಿಗೆ ಹತ್ತಿಸಿ, ಕೆಳಗಿಂದ ನೋಡಿ ನೋಡಿ ತಿದ್ದಿದೆ. ಕತ್ತು ನಾಲ್ಕು ಬೆರಳು ಜಾಸ್ತಿ, ಪೀಠ ಒಂದು ಗೇಣು ಎತ್ತರ. ಆಮೇಲೇ ಅಚ್ಚು.

ಬಣ್ಣದ್ದು ಇನ್ನೊಂದು ಗೋಳು. ಗೋಲ್ಡ್ ಪೇಂಟ್ ಒಂದೇ ಮಳೆಗಾಲಕ್ಕೆ ತೊಳೆಯದ ಹಿತ್ತಾಳೆ ಚೊಂಬಿನಂತಾಯಿತು. ಮೈಸೂರು ಚಿತ್ರಕ್ಕೆ ಹಚ್ಚಿದ ಹಾಗೆ ಗೋಂದಿನಲ್ಲಿ ರೇಕು ಅಂಟಿಸಿದೆ, ಮೊದಲ ಮಳೆಗೇ ಈರುಳ್ಳಿ ಸಿಪ್ಪೆಯಂತೆ ಎದ್ದಿತು. ಎಲ್ಲಾ ಸೇರಿ ನಲವತ್ತು ಸಾವಿರ ನೀರಲ್ಲಿ ಹೋಯಿತು. ಮನೆಯಲ್ಲಿ ಹತ್ತು ಅಂತ ಹೇಳಿದ್ದೆ.

ಕೊನೆಗೆ ಕೈ ಹಿಡಿದಿದ್ದು ಎಣ್ಣೆಯ ಅಂಟು. ರೇಕು ಕೂರಿಸುವ ಹದಕ್ಕೆ ಬರಲು ಹನ್ನೆರಡು ಗಂಟೆ ಅಂತ ಡಬ್ಬಿ ಮೇಲಿರುತ್ತದೆ, ನಮ್ಮ ಕಡೆಯ ಥಂಡಿಗೆ ಒಂದು ದಿನ ಪೂರ್ತಿ ಬೇಕು. ಬೆರಳ ಗೆಣ್ಣು ತಾಗಿಸಿದಾಗ ಟಿಕ್ ಅನ್ನಬೇಕು, ಅಂಟು ಕೈಗೆ ಬರಬಾರದು. ಆಗಲೇ ರೇಕು. ಜನವರಿ, ಫೆಬ್ರವರಿ ಬಿಟ್ಟು ಬೇರೆ ತಿಂಗಳಲ್ಲಿ ಕೈ ಹಾಕಬೇಡಿ. ಮೇಲೆ ವಾರ್ನಿಶ್ ಬೇಡವೇ ಬೇಡ. ಪ್ರೈಮರ್‌ಗೆ ನಾನು ಏನು ಬೆರೆಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡು, ಅದನ್ನು ಕೇಳಬೇಡಿ. ಇಪ್ಪತ್ತೈದು ಹಾಳೆಯ ರೇಕಿನ ಪುಸ್ತಕ ಸುಮಾರು ಇಪ್ಪತ್ತು ಹಿಡಿದವು, ಮುಕ್ಕಾಲು ಲಕ್ಷದ ಹತ್ತಿರ.

ಗಂಡು ಜಿಂಕೆಯನ್ನು ಏರಿಸುವಾಗ ಹಗ್ಗ ತಾಗಿ ಒಂದು ಕೊಂಬು ಮುರಿಯಿತು. ನಾನು ಬೆವರಿಬಿಟ್ಟೆ. ಅದೇ ಲಾಮಾ ನಕ್ಕರು: "ನಮ್ಮಲ್ಲಿ ಒಂಟಿ ಕೊಂಬಿನದೂ ಇದೆ, ಬಿಡಿ." ಆದರೂ ಮರುದಿನ ಹೊಸದು ಕೂರಿಸಿದೆ.

ನಡುವೆ ಸುಮ್ನೆ ಸೂರಿನ ಮೂಲೆಗೆ ಅಂತ ಒಂದು ಮಕರ, ಅಂದರೆ ಸೊಂಡಿಲಿರುವ ಮೊಸಳೆಯಂಥ ಕಲ್ಪನೆಯ ಪ್ರಾಣಿ, ಮಾಡಿದ್ದೆ. ಬೇಲೂರಿನ ತೋರಣ ನೋಡಿ ಪಳಗಿದ ಕೈ, ಬಾಲಕ್ಕೆಲ್ಲ ಬಳ್ಳಿ ಬಿಡಿಸಿಬಿಟ್ಟೆ. ಅವರ ಮೂಲೆಗೆ ಬೇಕಿದ್ದುದು ಸೊಂಡಿಲೆತ್ತಿದ ಬರೀ ತಲೆ. ಅದು ಈಗಲೂ ಶೆಡ್ಡಿನಲ್ಲಿದೆ, ಅದರ ಬೆನ್ನ ಮೇಲೆ ಕೋಳಿ ಕೂರುತ್ತದೆ.